ಬೆನ್ನು ತೆರೆಯದ ಕಂಪ್ಯೂಟರ್

ಕಂಪ್ಯೂಟರಿನ ಬಗ್ಗೆ ಹೇಳಲು ನೀನು ಯಾರು ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಸಂಜೆ ತರಗತಿಯಲ್ಲಿ ಕಲಿತಷ್ಟೇ ನನ್ನ ಓದು. ಹೇಳುವುದರಲ್ಲಿ ತಪ್ಪಿದ್ದರೆ ತಿಳಿದವರು ದಯವಿಟ್ಟು ತಿದ್ದಿ, ಇಂಥ ವಿಷಯಕ್ಕೆ ಕೈ ಹಾಕಿದ್ದನ್ನು ಕ್ಷಮಿಸಿ. ಆದರೆ ಬೆಟ್ಟದ ಮೇಲಿನ ನಮ್ಮ ಎಲ್ ಆಲ್ತೊ ಊರಿನ ಒಂದು ಬೀದಿಯಲ್ಲಿ ನಡೆದದ್ದನ್ನು ಹೇಳದೆ ಸುಮ್ಮನಿರಲೂ ಆಗುತ್ತಿಲ್ಲ. ಈಗ ಹೊಲಿಗೆಯವರ ಮನೆಯಲ್ಲಿ ಕಂಪ್ಯೂಟರ್ ಇದೆ, ರೊಟ್ಟಿ ಸುಡುವವರ ಮನೆಯಲ್ಲಿ ಇದೆ, ಕೋಳಿ ಮಾರುವವರ ಮನೆಯಲ್ಲೂ ಇದೆ. ಕೊಳ್ಳುವಾಗ ನಾವು ಅದರ ಮುಖ ನೋಡುತ್ತೇವೆ. ಬೆನ್ನು ನೋಡುವುದಿಲ್ಲ.

ದೊನ್ಯಾ ಸೆನೋಬಿಯಾ ಕೂಡ ಮುಖವನ್ನೇ ನೋಡಿದಳು.

ದೊನ್ಯಾ ಎಂದರೆ ನಮ್ಮಲ್ಲಿ ಅಮ್ಮನವರು ಎಂದ ಹಾಗೆ. ಸೆನೋಬಿಯಾಳ ಮನೆಯ ಮುಂದಿನ ಕೋಣೆಯೇ ಅವಳ ಕಸೂತಿ ಅಂಗಡಿ. ಅಲ್ಲೊಂದು ದೊಡ್ಡ ಕಸೂತಿ ಯಂತ್ರ, ಅದರ ಪಕ್ಕ ಒಂದು ಕಂಪ್ಯೂಟರ್. ಕಂಪ್ಯೂಟರಿನಲ್ಲಿ ಹೂವು ಬಳ್ಳಿ ಬಿಡಿಸಿದರೆ ಯಂತ್ರ ಅದನ್ನು ಬಟ್ಟೆಯ ಮೇಲೆ ಹೊಲಿಯುತ್ತದೆ. ಯಂತ್ರಕ್ಕೆ ಸ್ವಂತ ನೆನಪು ಇಲ್ಲ. ಕಂಪ್ಯೂಟರ್ ಹೇಳಿದಷ್ಟು ಮಾಡಿ, ಕರೆಂಟು ತೆಗೆದರೆ ಎಲ್ಲವನ್ನೂ ಮರೆಯುತ್ತದೆ. ಅವಳ ಗಂಡ ಇಲಾರಿಯೊ ಮಿನಿಬಸ್ ಓಡಿಸುತ್ತಾನೆ. ಮಗಳು ಯೋಲಾ ಕಾಲೇಜು ಮುಗಿಸಿ ಅಮ್ಮನ ಜೊತೆ ಅಂಗಡಿಯಲ್ಲಿ ಕೂರುತ್ತಾಳೆ.

ಮೊದಲಿದ್ದ ಕಂಪ್ಯೂಟರ್ ದೊಡ್ಡ ಕಪ್ಪು ಡಬ್ಬಿ. ಶುರು ಮಾಡಿದರೆ ಹಿಟ್ಟಿನ ಗಿರಣಿಯ ಹಾಗೆ ಗೊರಗುಟ್ಟುತ್ತಿತ್ತು. ಮನೆಯವರು ಅದಕ್ಕೆ ಅಜ್ಜಯ್ಯ ಎಂದೇ ಹೆಸರಿಟ್ಟಿದ್ದರು. ಅಜ್ಜಯ್ಯನ ಪಕ್ಕೆಯ ತಗಡನ್ನು ಬಿಚ್ಚಿದರೆ ಸಾಕು, ಹೊಟ್ಟೆಯೊಳಗಿನದೆಲ್ಲ ಕಾಣುತ್ತಿತ್ತು. ಒಮ್ಮೆ ಫ್ಯಾನು ಬದಲಾಯಿಸಿದ್ದರು, ಒಮ್ಮೆ ಡಿಸ್ಕು ಬದಲಾಯಿಸಿದ್ದರು. ಆದರೂ ಮುಪ್ಪು ಮುಪ್ಪೇ. ಬೆಳಿಗ್ಗೆ ಅದು ಎದ್ದು ಕೂರುವಷ್ಟರಲ್ಲಿ ಸೆನೋಬಿಯಾ ಒಂದು ಲೋಟ ಅಪಿ, ನಮ್ಮ ಬಿಸಿ ಜೋಳದ ಗಂಜಿ, ಕುಡಿದು ಮುಗಿಸುತ್ತಿದ್ದಳು.

ಕೊನೆಗೆ ಕೆಳಗಿನ ಪಟ್ಟಣಕ್ಕೆ ಇಳಿದು ಪುಸ್ತಕದ ಹಾಗೆ ಮಡಚುವ ಹೊಸದು ತಂದಳು. ತಂದ ದಿನ ನೆರೆಯ ದೆಲ್ಮಿರಾಳನ್ನು ಕರೆದಳು. ದೆಲ್ಮಿರಾ ಚರ್ಚಿನ ಹಿಂದಿನ ದೊಡ್ಡ ಕೋಣೆಯಲ್ಲಿ ದೊಡ್ಡವರಿಗೆ ಸಂಜೆ ಹೊತ್ತು ಕಂಪ್ಯೂಟರ್ ಪಾಠ ಹೇಳುವವಳು. ಯೋಲಾಳಿಗೆ ಚರ್ಚಿನಲ್ಲಿ ದೀಕ್ಷಾಸ್ನಾನ ಆದ ದಿನ ತಾಯಿಯ ಜಾಗದಲ್ಲಿ ನಿಂತವಳೂ ಅವಳೇ. ಹಾಗಾಗಿ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ, ಇಲಾರಿಯೊ ಅವಳಿಗೆ ಕೊಂಪಾದ್ರೆ. ನಮ್ಮಲ್ಲಿ ಆ ನಂಟು ಒಡಹುಟ್ಟಿದವರಿಗಿಂತ ಒಂದು ಕೈ ಹೆಚ್ಚು.

"ನೋಡು ಕೊಮಾದ್ರೆ, ಎಷ್ಟು ತೆಳ್ಳಗಿದೆ," ಎಂದಳು ಸೆನೋಬಿಯಾ.

"ಚೀಸು ತುಂಬೋದು ಮರೆತ ಎಂಪನಾಡಾ ಕಡುಬಿನ ಹಾಗಿದೆ," ಎಂದು ದೆಲ್ಮಿರಾ ಅದನ್ನು ಎತ್ತಿ ತಿರುಗಿಸಿದಳು. ಮತ್ತೆ ತಿರುಗಿಸಿದಳು. "ಇದರ ಬೆನ್ನು ಎಲ್ಲಿ ತೆಗೆಯೋದು?"

"ತೆಗೆಯೋ ಗೋಜೇ ಇಲ್ಲ. ಅಂಗಡಿಯವನು ಹೇಳಿದ, ಒಂದು ಸ್ಕ್ರೂ ಕೂಡ ಇಲ್ವಂತೆ. ಒಳ್ಳೆ ಅಚ್ಚಲ್ಲಿ ಎರಕ ಹೊಯ್ದ ಹಾಗೆ."

"ಗೋಜಿಲ್ಲ ಅಂದ್ರೆ ದಾರಿ ಇಲ್ಲ ಅಂತಲೂ ಆಗಬಹುದಲ್ವಾ."

ಬಾಗಿಲಲ್ಲಿ ಬೂಟು ಕಳಚುತ್ತಿದ್ದ ಇಲಾರಿಯೊ ನಕ್ಕ. "ಸೊಸೆ ತರೋವಾಗ ಬೆನ್ನು ಬಿಚ್ಚಿ ನೋಡ್ತಾರಾ ಕೊಮಾದ್ರೆ?"

"ಸೊಸೆಗೆ ಹುಷಾರಿಲ್ಲ ಅಂದ್ರೆ ಡಾಕ್ಟರು ಬೆನ್ನು ನೋಡ್ತಾರೆ ಕೊಂಪಾದ್ರೆ. ಇವಳನ್ನ ಯಾರೂ ನೋಡಕೂಡದು ಅಂತ ತವರಿನೋರೇ ಮುದ್ರೆ ಒತ್ತಿ ಕಳಿಸಿದಾರೆ. ಇಲ್ಲಿ ಓದಿ." ಅಡಿಯಲ್ಲಿ ಬೆಳ್ಳಿ ಬಣ್ಣದ ಒಂದು ಚೀಟಿ ಅಂಟಿಸಿತ್ತು. ಅದು ಹರಿದರೆ ವಾರಂಟಿ ಇಲ್ಲ ಎಂದು ಬರೆದಿತ್ತು.

"ಕಸೂತಿ ಪ್ರೋಗ್ರಾಮು?" ಎಂದು ದೆಲ್ಮಿರಾ ಮತ್ತೆ ಕೇಳಿದಳು.

"ಹೊಸದು. ಇದರ ಜೊತೇಲೇ ಬಂತು."

"ನಾಳೆ ಇದು ಕೆಟ್ಟರೆ ಅದನ್ನ ಬೇರೆ ಕಂಪ್ಯೂಟರಿಗೆ ಹಾಕಬಹುದಾ? ಇದರಲ್ಲಿ ಬಿಡಿಸಿದ ಚಿತ್ರ ಹಳೇದರಲ್ಲಿ ತೆರೆಯುತ್ತಾ?"

"ಏ, ಹೊಸ ಮನೆ ಹೊಸಲು ದಾಟೋಕೆ ಮುಂಚೆ ತಿಥಿ ಊಟದ ಮಾತು ಆಡ್ತೀಯಲ್ಲ," ಎಂದು ಸೆನೋಬಿಯಾ ಮುಖ ಊದಿಸಿದಳು. ದೆಲ್ಮಿರಾ ಅದನ್ನು ಮೇಜಿನ ಮೇಲಿಟ್ಟಳು. ಗಟ್ಟಿಯಾಗಿ ಹೇಳಲು ಅವಳಿಗೂ ಪೂರ್ತಿ ಧೈರ್ಯ ಇರಲಿಲ್ಲ. ಆ ಕಂಪನಿಯ ಯಂತ್ರವನ್ನು ಅವಳು ಹಿಂದೆ ಕಂಡಿರಲಿಲ್ಲ.

ಅಜ್ಜಯ್ಯನನ್ನು ಹಿಂದಿನ ಕೋಣೆಗೆ ಸಾಗಿಸಿದರು. ಚುನ್ಯೊ ಎಂಬ ಒಣ ಆಲೂಗಡ್ಡೆಯ ಮೂಟೆಗಳ ಮಧ್ಯೆ ಅದಕ್ಕೊಂದು ಜಾಗ ಸಿಕ್ಕಿತು. ಎರಡು ದಿನದಲ್ಲಿ ಒಂದು ಕೋಳಿ ಅದರ ಮೇಲೆ ಬಿಡಾರ ಹೂಡಿತು.

ಅದೇ ಹೊತ್ತಿಗೆ ಸೆನೋಬಿಯಾಳಿಗೆ ಬದುಕಿನಲ್ಲೇ ದೊಡ್ಡ ಕೆಲಸ ಬಂದಿತ್ತು. ಜುಲೈ ಹದಿನಾರರ ಹಬ್ಬಕ್ಕೆ ನಮ್ಮ ಊರಿನ ಬೀದಿ ತುಂಬ ಕುಣಿತ. ಒಂದೊಂದು ಸಂಘದ ಹೆಂಗಸರೂ ಒಂದೇ ಬಣ್ಣದ ನೆರಿಗೆ ಲಂಗ, ಒಂದೇ ಕಸೂತಿಯ ಶಾಲು ಹೊದ್ದು ಸಾಲಾಗಿ ಬರುತ್ತಾರೆ. ಆ ಶಾಲು ವರ್ಷ ವರ್ಷವೂ ಹೊಸದಾಗಿರಬೇಕು. ಹೋದ ವರ್ಷದ ಶಾಲು ಹೊದ್ದು ಬಂದವರನ್ನು ಜನ ಮುಂದಿನ ಹತ್ತು ವರ್ಷ ಮರೆಯುವುದಿಲ್ಲ. ಸೆನೋಬಿಯಾ ಇಷ್ಟು ವರ್ಷ ತನ್ನ ಸಂಘದ ಕೊನೆಯ ಸಾಲಿನಲ್ಲಿ ಕುಣಿದವಳು. ಈ ಸಲ ಸಂಘದ ಮುಖ್ಯಸ್ಥೆ ದೊನ್ಯಾ ಪೆತ್ರೋನಾ ಇಡೀ ಸಂಘದ ಶಾಲುಗಳ ಕಸೂತಿಯನ್ನು ಅವಳಿಗೇ ಒಪ್ಪಿಸಿದಳು.

ಪೆತ್ರೋನಾ ಹಣ್ಣಿನ ಸಗಟು ವ್ಯಾಪಾರಿ. ಕಿವಿಯಲ್ಲಿ ತೂಗುವ ಚಿನ್ನ, ಮಾತಿನಲ್ಲಿ ತೂಗುವ ಅಧಿಕಾರ. ಅವಳು ಬಂದು ಕೂತು ಬಾಗಿಲು ಹಾಕಿಸಿದಳು.

"ಹೋದ ವರ್ಷ ಏನಾಯ್ತು ಗೊತ್ತಲ್ಲ ಸೆನೋಬಿಯಾ. ಹಳೇ ಕಸೂತಿಯವನು ನಮ್ಮ ನಮೂನೆ ಹೊರಗೆ ಬಿಟ್ಟ. ಆ ಸುಡುಗಾಡು ಎದುರು ಸಂಘದವರು ನಮಗಿಂತ ಮುಂಚೆ ಅದನ್ನೇ ಹೊದ್ಕೊಂಡು ಬಂದರು. ನಾವು ಅವರನ್ನ ನೋಡಿ ನಕಲು ಮಾಡಿದ ಹಾಗಾಯ್ತು."

"ನನ್ನ ಮನೆಯಿಂದ ಇರುವೆನೂ ಹೊರಗೆ ಹೋಗಲ್ಲ ದೊನ್ಯಾ ಪೆತ್ರೋನಾ."

"ಇರುವೆ ಹೋದ್ರೆ ಹೋಗಲಿ. ಚಿತ್ರ ಹೋಗಬಾರದು. ಈ ಕೋಣೆ ಬಿಟ್ಟು ಒಂದು ಎಳೆ ಕದಲಬಾರದು. ಆಣೆ ಇಡು."

ಸೆನೋಬಿಯಾ ಆಣೆ ಇಟ್ಟಳು. ಅಂಚಿಗೆ ಕಂತುತಾ ಹೂವಿನ ಬಳ್ಳಿ, ಬೆನ್ನ ಮೇಲೆ ಹಾರುವ ಹೂಕುಟುಕ ಹಕ್ಕಿ. ಅಂಚನ್ನು ಅವಳು ಅಜ್ಜಯ್ಯ ಇನ್ನೂ ಮೇಜಿನ ಮೇಲಿದ್ದಾಗಲೇ ಒರಟಾಗಿ ಶುರು ಮಾಡಿದ್ದಳು. ಹಕ್ಕಿಯನ್ನು ಹೊಸದರಲ್ಲಿ ಬಿಡಿಸಿದಳು. ಒಂದೊಂದು ಗರಿಗೂ ಮೂರು ಹಸಿರು. ಒಂದು ಮಾದರಿ ಹೊಲಿದು ಪೆತ್ರೋನಾಳಿಗೆ ಕೊಟ್ಟಳು. ಪೆತ್ರೋನಾ ಅದನ್ನು ಮಡಚಿ ಎದೆಗೊತ್ತಿಕೊಂಡು ಮನೆಗೆ ಒಯ್ದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಒಪ್ಪಿಗೆ ಬಂತು. ಶಾಲಿನ ಬಟ್ಟೆ ಬಂದು ರಾಶಿ ಬಿತ್ತು.

"ಚಿತ್ರದ ಒಂದು ನಕಲು ತೆಗೆದಿಡು ಕೊಮಾದ್ರೆ," ಎಂದಳು ದೆಲ್ಮಿರಾ.

"ನಕಲು ಇಟ್ಟರೆ ಗುಟ್ಟು ಎರಡಾಗುತ್ತೆ. ಆಣೆ ಇಟ್ಟಿದೀನಿ."

ಯೋಲಾ ಮಧ್ಯೆ ಬಾಯಿ ಹಾಕಿದಳು. "ಅಮ್ಮಾ, ಎರಡು ದಿನದಿಂದ ಪರದೆ ಕಣ್ಣು ಮಿಟುಕಿಸ್ತಿದೆ."

"ಜೂನ್ ಅಲ್ವಾ, ನಮ್ಮೂರ ಚಳಿಗಾಲ ಕಣೇ. ನನಗೇ ಕೈ ನಡುಗುತ್ತೆ, ಅದಕ್ಕೆ ಕಣ್ಣು ಮಿಟುಕಬಾರದಾ?"

ಆ ತಿಂಗಳ ಮೊದಲ ಶುಕ್ರವಾರ ಬಂತು. ಹೊಸದಾಗಿ ಮನೆಗೆ ಬಂದ ಯಾವುದೇ ವಸ್ತುವಿಗೂ ನಾವು ಚಲ್ಯ ಮಾಡುತ್ತೇವೆ. ಬಸ್ಸಿರಲಿ, ಬೀರು ಇರಲಿ, ಹೊಲಿಗೆ ಯಂತ್ರವಿರಲಿ, ಭೂತಾಯಿಗೆ ಮೊದಲ ಗುಟುಕು ಕೊಟ್ಟು ಆ ವಸ್ತುವಿನ ಮೇಲೂ ಬಿಯರು, ಬಣ್ಣದ ಕಾಗದದ ಚೂರು, ಹೂವಿನ ಎಸಳು ಎರಚುತ್ತೇವೆ. ಇಲಾರಿಯೊ ತನ್ನ ಮಿನಿಬಸ್ಸಿಗೆ ಎಷ್ಟೋ ಸಲ ಹಾಗೆ ಮಾಡಿದ್ದಾನೆ. ಬಸ್ಸಿನ ನಾಲ್ಕು ಚಕ್ರಕ್ಕೂ ಸುರಿದು, ಮೂತಿಗೂ ಸುರಿಯುತ್ತಾನೆ. ಬಸ್ಸು ಇವತ್ತಿಗೂ ಓಡುತ್ತಿದೆ. ಕೈ ಬಿಗಿ ಹಿಡಿದರೆ ಭೂತಾಯಿಗೆ ಸಿಟ್ಟು ಬರುತ್ತದೆ ಎಂದು ಅವನಪ್ಪ ಹೇಳಿಕೊಟ್ಟಿದ್ದ.

ಅವನು ಕೈ ಬಿಗಿ ಹಿಡಿಯಲಿಲ್ಲ. ಮೇಜಿನ ನಾಲ್ಕು ಮೂಲೆಗೆ ಎರೆದ. ಯಂತ್ರಕ್ಕೆ ಎರೆದ. "ಹೆಚ್ಚು ಕೆಲಸ ಕೊಡು, ಕಡಿಮೆ ಜಗಳ ಕೊಡು ತಾಯಿ," ಎನ್ನುತ್ತ ಕಂಪ್ಯೂಟರಿನ ತೆರೆದ ಮುಖದ ಮೇಲೂ ಎರೆದ. ನೊರೆ ಅಕ್ಷರದ ಗುಂಡಿಗಳ ಸಂದಿಯಲ್ಲಿ ಇಳಿಯಿತು. ಹಸಿರು ಗುಲಾಬಿ ಕಾಗದದ ಚೂರುಗಳು ಅದರ ಮೇಲೆ ಅಂಟಿಕೊಂಡವು.

ಪರದೆ ಒಮ್ಮೆ ಮಿಟುಕಿತು. ಆಮೇಲೆ ಕಪ್ಪಾಯಿತು.

"ಕುಡಿದು ಮಲಗಿದೆ," ಎಂದ ಇಲಾರಿಯೊ. "ಮಲಗಲಿ, ಎದ್ದೇಳುತ್ತೆ."

ಶನಿವಾರ ಏಳಲಿಲ್ಲ. ಒಲೆಯ ಹತ್ತಿರ ಒಣಗಿಸಿದರು, ಏಳಲಿಲ್ಲ. ಸೋಮವಾರ ಸೆನೋಬಿಯಾ ಅದನ್ನು ಮಗುವಿನ ಹಾಗೆ ಹೊದಿಕೆಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡು, ದೆಲ್ಮಿರಾಳ ಜೊತೆ ಕೆಳಗಿನ ಪಟ್ಟಣದ ಅಂಗಡಿಗೆ ಹೋದಳು.

ಮಾರಿದ ಹುಡುಗನೇ ಇದ್ದ. ಮೂಸಿ ನೋಡಿದ. "ಇದಕ್ಕೆ ಬಿಯರು ಕುಡಿಸಿದ್ದೀರಾ ಅಮ್ಮಾ?"

"ಚಲ್ಯ ಮಾಡಿದ್ವಿ. ನಿಮ್ಮ ಅಂಗಡಿ ಬಾಗಿಲಿಗೂ ಕಾಗದದ ತೋರಣ ಇದೆ, ನೀವೂ ಮಾಡ್ತೀರಿ."

"ನಾವು ಬಾಗಿಲಿಗೆ ಮಾಡ್ತೀವಿ, ಕಂಪ್ಯೂಟರಿಗೆ ಮಾಡಲ್ಲ," ಎಂದ. ನಗುತ್ತಲೇ ಹೇಳಿದ, ಕೆಟ್ಟವನೇನಲ್ಲ. "ನೀರು ಗೀರು ಬಿದ್ದರೆ ವಾರಂಟಿ ಇಲ್ಲ."

"ಬೇಡ ಬಿಡಿ," ಎಂದಳು ದೆಲ್ಮಿರಾ. "ಬೆನ್ನು ತೆಗೆದು ಒಳಗಿನ ಡಿಸ್ಕನ್ನಾದರೂ ಕೊಡಿ. ಅದರಲ್ಲಿ ಇವರ ಚಿತ್ರ ಇದೆ."

"ಅದು ಬೇರೆಯಾಗಿ ಇಲ್ಲ ಅಕ್ಕಾ. ಡಿಸ್ಕು, ಮೆಮೊರಿ ಎಲ್ಲ ಒಂದೇ ಹಲಗೆಗೆ ಬೆಸೆದುಬಿಟ್ಟಿದಾರೆ. ಬೆನ್ನು ಅಂಟಿನಲ್ಲಿ ಕೂರಿಸಿದಾರೆ. ನಾವು ಮುಟ್ಟೋ ಹಾಗಿಲ್ಲ. ಕಂಪನಿಯವರಿಗೆ ಹೊರದೇಶಕ್ಕೆ ಕಳಿಸಬೇಕು. ಅವರು ರಿಪೇರಿ ಅಂತ ಮಾಡಲ್ಲ, ಹಲಗೆನೇ ಬದಲಾಯಿಸ್ತಾರೆ. ಒಳಗಿದ್ದದ್ದು ಹಳೇ ಹಲಗೆ ಜೊತೆ ಹೋಗುತ್ತೆ."

"ಹಾಗಾದ್ರೆ ಪ್ರೋಗ್ರಾಮನ್ನ ಇನ್ನೊಂದು ಕಂಪ್ಯೂಟರಿಗೆ ಹಾಕಿಕೊಡಿ."

"ಅದಕ್ಕೂ ಬೀಗ ಇದೆ. ಈ ಕಂಪ್ಯೂಟರೇ ಗುರುತು ಹೇಳಿದರೆ ಮಾತ್ರ ತೆರೆಯುತ್ತೆ."

ಸೆನೋಬಿಯಾ ದೆಲ್ಮಿರಾಳನ್ನು ಸರಿಸಿ ಮುಂದೆ ಬಂದಳು. ಈಗ ಅವಳೇ ಕೇಳಿದಳು. "ಅಂದ್ರೆ ಮನೆ ನನಗೆ ಮಾರಿದಿರಿ, ಬೀಗದ ಕೈ ನೀವೇ ಇಟ್ಕೊಂಡಿರಿ. ಅಲ್ವಾ?"

"ನಾವೂ ಇಟ್ಕೊಂಡಿಲ್ಲ ಅಮ್ಮಾ," ಎಂದ ಹುಡುಗ. ಅವನ ಮುಖ ಸಪ್ಪಗಾಗಿತ್ತು. "ನಮಗೂ ಕೊಟ್ಟಿಲ್ಲ."

ಇಬ್ಬರೂ ಕೇಬಲ್ ಕಾರು ಹತ್ತಿ ಮೇಲೆ ಹೊರಟರು. ಕಾಲ ಕೆಳಗೆ ಇಡೀ ಪಟ್ಟಣದ ಮಾಡುಗಳು ಜಾರಿ ಹೋಗುತ್ತಿದ್ದವು. ಸೆನೋಬಿಯಾಳ ಕಣ್ಣಿಗೆ ಕಂಡದ್ದು ಒಂದೇ: ತನ್ನ ಸಂಘದ ಹೆಂಗಸರು ಹೋದ ವರ್ಷದ ಶಾಲು ಹೊದ್ದು ಹಬ್ಬದ ಬೀದಿಯಲ್ಲಿ ತಲೆ ತಗ್ಗಿಸಿ ಬರುತ್ತಿದ್ದಾರೆ.

"ದೊನ್ಯಾ ಪೆತ್ರೋನಾಗೆ ಹೇಳ್ತೀನಿ," ಎಂದಳು ಕೊನೆಗೆ. "ಮುಚ್ಚಿಟ್ಟು ಇನ್ನೆರಡು ವಾರ ಕಳೆದರೆ ಅವಳಿಗೆ ಬೇರೆ ದಾರಿನೂ ಉಳಿಯಲ್ಲ."

ಪೆತ್ರೋನಾ ಸೇಬಿನ ಬುಟ್ಟಿಗಳ ನಡುವೆ ನಿಂತೇ ಎಲ್ಲ ಕೇಳಿದಳು. ಕಿವಿಯ ಚಿನ್ನ ಅಲುಗಲಿಲ್ಲ.

"ನಿನ್ನ ಗಂಡ ಸುರಿದನಾ?"

"ಹೂಂ."

"ಬುದ್ಧಿ ಬಸ್ಸಲ್ಲೇ ಇಟ್ಟು ಮನೆಗೆ ಬರ್ತಾನಾ ಅವನು?" ಎಂದು ಬೈದಳು. ಇನ್ನೂ ಬೈಯಬಹುದಿತ್ತು. ಬೈಯದೆ ಕೇಳಿದಳು. "ನೀನಾಗೇ ಬಂದು ಹೇಳಿದೆ. ಆ ಹಳೇ ಕಸೂತಿಯವನು ಹೇಳಲೇ ಇಲ್ಲ, ಬೀದಿಯಲ್ಲಿ ನೋಡಿ ನಮಗೆ ಗೊತ್ತಾಯ್ತು. ಈಗ ಏನು ಮಾಡ್ತೀಯ?"

"ಅಜ್ಜಯ್ಯ ಇದಾನೆ," ಎಂದಳು ಸೆನೋಬಿಯಾ. "ಎದ್ದರೆ ಅಂಚಿನ ಹೂವು ಸಿಗಬಹುದು. ಹಕ್ಕಿಗೆ ನಿಮ್ಮ ಪೆಟ್ಟಿಗೆಯ ಮಾದರಿ ಬೇಕು."

"ನನ್ನ ಪೆಟ್ಟಿಗೆಯದು ನನ್ನ ಜೊತೆನೇ ಬರುತ್ತೆ, ನನ್ನ ಜೊತೆನೇ ಹೋಗುತ್ತೆ," ಎಂದಳು ಪೆತ್ರೋನಾ. ಅದು ಒಪ್ಪಿಗೆ ಎಂದು ಸೆನೋಬಿಯಾಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು.

ಮನೆಗೆ ಬಂದು ಕೋಳಿಯನ್ನು ಎಬ್ಬಿಸಿದರು. ಕೋಳಿ ಬಾಯಿಗೆ ಬಂದಂತೆ ಬೈದುಕೊಂಡು ಮೂಟೆ ಹತ್ತಿತು. ಅಜ್ಜಯ್ಯನಿಗೆ ಕರೆಂಟು ಕೊಟ್ಟರು. ಗುಂಡಿ ಒತ್ತಿದರು. ಸದ್ದಿಲ್ಲ.

"ಇದೂ ಹೋಯ್ತಾ?" ಎಂದ ಇಲಾರಿಯೊ. ತಪ್ಪು ಮಾಡಿದ ದಿನದಿಂದ ಅವನ ದನಿ ಅರ್ಧ ಆಗಿತ್ತು.

"ಹೋಗಿದ್ದರೂ ಒಳಗೆ ನೋಡಬಹುದು," ಎಂದಳು ದೆಲ್ಮಿರಾ. ಸ್ಕ್ರೂ ಬಿಚ್ಚಿ ಪಕ್ಕೆಯ ತಗಡು ತೆಗೆದಳು. ಧೂಳು, ಎರಡು ಕೋಳಿ ಪುಕ್ಕ. ಮೂಲೆಯಲ್ಲಿ ಇಟ್ಟಿಗೆಯಂಥ ಒಂದು ಪೆಟ್ಟಿಗೆ. ಮೂಗು ಹತ್ತಿರ ಒಯ್ದಳು. "ನನಗೂ ಪೂರ್ತಿ ಗೊತ್ತಿಲ್ಲ. ಕರೆಂಟು ಹಂಚೋದು ಇದು. ಸುಟ್ಟ ವಾಸನೆ ಬರ್ತಿದೆ. ಇದೊಂದೇ ಹೋಗಿದೆಯೋ, ಇದರ ಜೊತೆ ಇನ್ನೇನಾದರೂ ಹೋಗಿದೆಯೋ, ಬೇರೆ ಹಾಕಿ ನೋಡಿದ ಮೇಲೇ ಗೊತ್ತಾಗೋದು."

"ಬೇರೆ ಎಲ್ಲಿ ಸಿಗುತ್ತೆ? ಆ ಕಂಪನಿನೇ ಮುಚ್ಚಿಹೋಯ್ತಂತೆ," ಎಂದಳು ಯೋಲಾ.

"ಭಾನುವಾರದ ಸಂತೆಯಲ್ಲಿ ನೋಡೋಣ. ಸಂತೆ ಮುಚ್ಚಿಲ್ಲವಲ್ಲ."

ನಮ್ಮ ಭಾನುವಾರದ ಸಂತೆಯಲ್ಲಿ ಸಿಗದ ವಸ್ತು ಇಲ್ಲ. ಬಸ್ಸಿನ ಬಾಗಿಲು, ಮದುವೆಯ ಬಟ್ಟೆ, ಒಂದೇ ಕಾಲಿನ ಬೂಟು ಕೂಡ ಸಿಗುತ್ತದೆ. ಹೊಂದುವ ಗುಂಡಿ ಹುಡುಕುವವರು ಅಂಗಿಯನ್ನೇ ಒಯ್ಯುವ ಹಾಗೆ, ಸೆನೋಬಿಯಾ ಆ ಸುಟ್ಟ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದಳು. ಮುಂದೆ ದೆಲ್ಮಿರಾ, ಹಿಂದೆ ಯೋಲಾ, ಅವರ ಹಿಂದೆ ಜನರನ್ನು ಭುಜದಿಂದ ತಳ್ಳುತ್ತ ಇಲಾರಿಯೊ. ಮೊದಲ ಅಂಗಡಿಯಲ್ಲಿ ಇರಲಿಲ್ಲ. ಎರಡನೆಯದರಲ್ಲಿ ಇದ್ದದ್ದು ಅಳತೆಗೆ ದೊಡ್ಡದು. ಆಮೇಲೆ ಹಳಿಯ ಪಕ್ಕ ನೀಲಿ ಟಾರ್ಪಾಲಿನ ಮೇಲೆ ತಂತಿ, ಫ್ಯಾನು, ಹಲಗೆಗಳನ್ನು ಈರುಳ್ಳಿಯಂತೆ ಗುಡ್ಡೆ ಹಾಕಿಕೊಂಡು ಕೂತ ಒಬ್ಬ ಹೆಂಗಸು ಸಿಕ್ಕಳು.

"ಕಸೆರಿತಾ, ಬಾ ಇಲ್ಲಿ, ಏನು ಬೇಕು ನನ್ನ ಗಿರಾಕಿ ತಾಯಿಗೆ," ಎಂದು ಸಂತೆಯವರು ಗಿರಾಕಿಯನ್ನು ಕರೆಯುವ ಹಾಗೆ ಕರೆದಳು. ಸುಟ್ಟ ಪೆಟ್ಟಿಗೆಯನ್ನು ನೋಡಿ ಗುಡ್ಡೆಗೆ ಕೈ ಹಾಕಿ ಮೂರು ಎಳೆದಳು.

"ಇದು ಬೇರೆ ಕಂಪನಿದಲ್ವಾ?" ಎಂದಳು ಸೆನೋಬಿಯಾ. ಅವಳಿಗೆ ಈಗ ಎಲ್ಲದರ ಮೇಲೂ ಅನುಮಾನ.

"ಬೇರೆದೇ. ಆದರೂ ಕೂರುತ್ತೆ. ಆ ಕಾಲದವು ಒಂದಕ್ಕೊಂದು ಹೊಂದ್ಕೊಂಡು ಬಾಳ್ತಿದ್ವು ತಾಯಿ. ಈಗಿನವು ಕೂಡು ಮನೆಗೆ ಆಗಲ್ಲ."

"ನಡೆಯುತ್ತೆ ಅಂತ ಏನು ಗ್ಯಾರಂಟಿ?"

"ಬಾಯಲ್ಲಿ ಯಾಕೆ, ಕಣ್ಣಲ್ಲಿ ನೋಡು." ಪಕ್ಕದ ಬಜ್ಜಿ ಅಂಗಡಿಯಿಂದ ಎಳೆದ ತಂತಿಗೆ ಅದನ್ನು ಸಿಕ್ಕಿಸಿದಳು. ಫ್ಯಾನು ಗಿರ್ರನೆ ತಿರುಗಿತು. ಇಲಾರಿಯೊ ಅದರ ಮುಂದೆ ಅಂಗೈ ಹಿಡಿದು, ಗಾಳಿ ಬರುತ್ತಿದೆ ಎಂದು ಹೆಂಡತಿಗೆ ತಲೆಯಾಡಿಸಿದ. ಎಷ್ಟೋ ದಿನದ ಮೇಲೆ ಅವನ ಹಲ್ಲು ಕಂಡಿತು.

ಮನೆಯಲ್ಲಿ ದೆಲ್ಮಿರಾ ಅದನ್ನು ಕೂರಿಸುತ್ತಿದ್ದರೆ ಉಳಿದವರು ಸುತ್ತ ನಿಂತರು. ಪೆತ್ರೋನಾ ಕೂಡ ಬಂದಿದ್ದಳು, ಮಾದರಿ ಶಾಲನ್ನು ಎದೆಗೆ ಅವುಚಿಕೊಂಡು. ಸೆನೋಬಿಯಾ ಗುಂಡಿ ಒತ್ತಿದಳು. ಮೊದಲು ಏನೂ ಇಲ್ಲ. ಆಮೇಲೆ ಒಂದು ಕೆಮ್ಮು. ಆಮೇಲೆ ಆ ಹಳೆಯ, ಎಲ್ಲರೂ ಬೈದ, ಗಿರಣಿಯ ಗೊರಗೊರ ಸದ್ದು. ಸೆನೋಬಿಯಾಳಿಗೆ ಅದು ಹಬ್ಬದ ವಾದ್ಯದವರು ಬೀದಿ ತಿರುವಿನಲ್ಲಿ ಬಂದಂತೆ ಕೇಳಿಸಿತು.

"ಎದ್ದ," ಎಂದಳು ಯೋಲಾ. "ಅಪ್ಪಾ, ದೂರ ನಿಂತ್ಕೋ. ಕೈಯಲ್ಲಿ ಬಾಟಲಿ ಇಲ್ಲ ತಾನೇ?"

"ಇಲ್ಲವೇ, ನೋಡು," ಎಂದು ಇಲಾರಿಯೊ ಎರಡೂ ಕೈ ಎತ್ತಿ ತೋರಿಸಿದ. ಪೆತ್ರೋನಾ ಕೂಡ ನಕ್ಕಳು.

ಹಳೆಯ ಕಸೂತಿ ಪ್ರೋಗ್ರಾಮು ಅಲ್ಲೇ ಇತ್ತು. ಅದಕ್ಕೆ ಬೀಗ ಇರಲಿಲ್ಲ. ತೆರೆದರೆ ಕಂತುತಾ ಬಳ್ಳಿ ಪರದೆಯ ತುಂಬ ಹರಡಿಕೊಂಡಿತು. ಒರಟು ನಿಜ, ಎರಡು ಮೂಲೆ ಇನ್ನೂ ಸೇರಿರಲಿಲ್ಲ. ಆದರೂ ಅದೇ ಹೂವು. ಹಕ್ಕಿ ಮಾತ್ರ ಇರಲಿಲ್ಲ. ಅದು ಆ ತೆಳ್ಳಗಿನದರ ಹೊಟ್ಟೆಯಲ್ಲಿ ಉಳಿದಿತ್ತು.

ಮಾದರಿಯನ್ನು ಮೇಜಿನ ಮೇಲೆ ಹರಡಿ, ಯೋಲಾ ಅದರ ಫೋಟೋ ತೆಗೆದು ಅಜ್ಜಯ್ಯನಿಗೆ ಹಾಕಿದಳು. ಪೆತ್ರೋನಾ ಮುಂದೆ ನಿಂತು ಫೋನಿನಿಂದ ಆ ಫೋಟೋವನ್ನು ಅಳಿಸಿ ಹಾಕಿಸಿದಳು. ಸೆನೋಬಿಯಾ ಗರಿ ಗರಿಯಾಗಿ ಮತ್ತೆ ಬಿಡಿಸಲು ಕೂತಳು. ಬೆಳಿಗ್ಗೆ ಕೂತರೆ ಹೊತ್ತು ಇಳಿದದ್ದು ತಿಳಿಯುತ್ತಿರಲಿಲ್ಲ. ಇಲಾರಿಯೊ ಮಧ್ಯಾಹ್ನದ ಟ್ರಿಪ್ಪು ಬಿಟ್ಟು ಆಲೂಗಡ್ಡೆ ಬೇಯಿಸಿದ. ಯಾರೂ ಅವನಿಗೆ ಹೇಳಿರಲಿಲ್ಲ.

ಮೊದಲ ಶಾಲು ಯಂತ್ರದಿಂದ ಇಳಿದಾಗ ಎಲ್ಲರೂ ಬಗ್ಗಿ ನೋಡಿದರು. ಪೆತ್ರೋನಾ ಮಾದರಿಯನ್ನೂ ಅದನ್ನೂ ಪಕ್ಕಪಕ್ಕ ಹಿಡಿದಳು.

"ಹಕ್ಕಿ ಮೂಗು ಉದ್ದ ಆಗಿದೆ," ಎಂದಳು.

ಸೆನೋಬಿಯಾ ಬೆರಳಿಟ್ಟು ಅಳೆದಳು. ಹೌದು. ಕೊಕ್ಕು ಒಂದು ಬೆರಳಷ್ಟು ಉದ್ದ.

"ಸಂಘದ ಹೆಂಗಸರ ಮೂಗು ನೋಡಿ ಬಿಡಿಸಿರಬೇಕು. ಎಲ್ಲಾ ಕಡೆ ತೂರಿಸ್ತಾರೆ," ಎಂದು ಇಲಾರಿಯೊ ಗೊಣಗಿದ.

ಪೆತ್ರೋನಾ ಅವನನ್ನು ದಿಟ್ಟಿಸಿದಳು. ಆಮೇಲೆ ಶಾಲನ್ನು ಹೆಗಲಿಗೆ ಹಾಕಿಕೊಂಡು ಒಂದು ಸುತ್ತು ತಿರುಗಿದಳು. ನೆರಿಗೆ ಅರಳಿತು. ಬೆನ್ನ ಮೇಲಿನ ಹಕ್ಕಿ ಉದ್ದ ಕೊಕ್ಕನ್ನು ಹೂವಿಗೆ ಚುಚ್ಚಿ ಹಾರಿತು. "ಇರಲಿ," ಎಂದಳು. "ಹೀಗೇ ಇರಲಿ. ಮಾದರಿಗಿಂತ ಇದಕ್ಕೆ ಹಸಿವು ಜಾಸ್ತಿ."

ದೆಲ್ಮಿರಾ ಆಗ ಕೆಮ್ಮಿದಳು. "ಉಳಿದದ್ದು ಹೊಲಿಯೋಕೆ ಮುಂಚೆ ಒಂದು ನಕಲು."

ಎಲ್ಲರೂ ಪೆತ್ರೋನಾಳ ಮುಖ ನೋಡಿದರು. ಈ ಸಲ ಮಾತಾಡಿದವಳು ಸೆನೋಬಿಯಾ.

"ದೊನ್ಯಾ ಪೆತ್ರೋನಾ, ಗುಟ್ಟು ನಿಮ್ಮದು. ನಕಲೂ ನಿಮ್ಮ ಪೆಟ್ಟಿಗೆಯಲ್ಲೇ ಇರಲಿ, ಮಾದರಿಯ ಮಡಿಲಲ್ಲಿ. ಬೀಗದ ಕೈ ನಿಮ್ಮ ಸೊಂಟದಲ್ಲಿ. ನನ್ನ ಮನೆಗೆ ಬೆಂಕಿ ಬಿದ್ದರೂ ನಿಮ್ಮ ಹಕ್ಕಿ ಸುಡಬಾರದು."

ಪೆತ್ರೋನಾ ಸೊಂಟದ ಬೀಗದ ಕೈ ಮುಟ್ಟಿಕೊಂಡಳು. "ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ಮೊದಲು ನನಗೂ ಹೊಳೀಲಿಲ್ಲ."

ಬೆರಳಿನಷ್ಟು ಪೆನ್ ಡ್ರೈವಿಗೆ ಚಿತ್ರ ಹಾಕಿದರು. ಅಷ್ಟಕ್ಕೇ ದೆಲ್ಮಿರಾ ಬಿಡಲಿಲ್ಲ. ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡದ ನಕಲು ನಕಲೇ ಅಲ್ಲ ಎಂದಳು. ಹಳೆಯ ಪ್ರೋಗ್ರಾಮನ್ನು ಚರ್ಚಿನ ಹಿಂದಿನ ಕೋಣೆಯ ಒಂದು ಕಂಪ್ಯೂಟರಿಗೆ ಹಾಕಿ, ಅಲ್ಲಿ ತೆರೆದು, ನೋಡಿ, ಮುಚ್ಚಿದರು. ಅಷ್ಟು ಹೊತ್ತೂ ಪೆತ್ರೋನಾ ಬಾಗಿಲಿಗೆ ಅಡ್ಡ ನಿಂತು, ಪಾದ್ರಿಯವರನ್ನೇ ಹೊರಗೆ ಚಳಿಯಲ್ಲಿ ಕಾಯಿಸಿದಳು.

ಹಬ್ಬದ ದಿನ ಬಿಸಿಲು ಚೆನ್ನಾಗಿತ್ತು. ತುತ್ತೂರಿ ಮೊಳಗಿ, ದೊಡ್ಡ ತಮಟೆ ಎದೆಗೆ ಬಡಿದು, ಸಂಘದ ಹೆಂಗಸರು ತಿರುವು ದಾಟಿ ಬಂದಾಗ ಬೀದಿಯ ಎರಡೂ ಬದಿಯ ಜನ ಎದ್ದು ನಿಂತರು. ಸಾಲು ಸಾಲು ಬೆನ್ನುಗಳ ಮೇಲೆ ಸಾಲು ಸಾಲು ಹಕ್ಕಿಗಳು. ಎಲ್ಲಕ್ಕೂ ಉದ್ದ ಕೊಕ್ಕು. ಈ ಸಲ ಸೆನೋಬಿಯಾ ಕೊನೆಯ ಸಾಲಿನಲ್ಲಿ ಇರಲಿಲ್ಲ. ಪೆತ್ರೋನಾ ಅವಳನ್ನು ತೋಳು ಹಿಡಿದು ತನ್ನ ಪಕ್ಕಕ್ಕೆ ಎಳೆದುಕೊಂಡಿದ್ದಳು. ಎದುರು ಸಂಘದವರು ಕತ್ತು ಚಾಚಿ ನೋಡುತ್ತಿದ್ದರು. ಮಿನಿಬಸ್ಸಿನ ನೆತ್ತಿ ಹತ್ತಿ ಕೂತಿದ್ದ ಇಲಾರಿಯೊ ಪಕ್ಕದವನಿಗೆ ಕೂಗಿ ಹೇಳಿದ, "ಮುಂದಿನ ಸಾಲು ನೋಡು. ಎಡಗಡೆಯಿಂದ ಎರಡನೆಯವಳು. ನನ್ನ ಮುದುಕಿ."

ಮುಂದಿನ ತಿಂಗಳ ಮೊದಲ ಶುಕ್ರವಾರ ಆ ಮನೆಯಲ್ಲಿ ಮತ್ತೆ ಚಲ್ಯ ಆಯಿತು. ಯಾಕೆ ಬಿಡಬೇಕು? ಇಲಾರಿಯೊ ಭೂತಾಯಿಗೆ ಕೊಡುವುದನ್ನು ನೆಲಕ್ಕೆ ಕೊಟ್ಟ, ಮೇಜಿನ ಕಾಲಿನ ಬುಡಕ್ಕೆ, ಕೈ ಬಿಗಿ ಹಿಡಿಯದೆ. ಅಜ್ಜಯ್ಯನ ಮೇಲೆ ಒಂದು ಬಟ್ಟೆ ಹೊದಿಸಿ, ಬಟ್ಟೆಯ ಮೇಲೆ ಒಂದು ಕಾಗದದ ಹೂವಿಟ್ಟ. "ನಿನಗೆ ಕುಡಿತ ಆಗಿಬರಲ್ಲ ಅಜ್ಜಯ್ಯಾ," ಎಂದ.

ಅಕ್ಕಂದಿರೇ, ಅಣ್ಣಂದಿರೇ, ಹೊಸ ಕಂಪ್ಯೂಟರ್ ಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ಅಜ್ಜಯ್ಯನೂ ಒಂದು ದಿನ ಹೋಗುತ್ತಾನೆ, ಸೆನೋಬಿಯಾ ಈಗಲೇ ಇನ್ನೊಂದನ್ನು ಹುಡುಕುತ್ತಿದ್ದಾಳೆ. ಈಗ ಅವಳು ಅಂಗಡಿಗೆ ಹೋದರೆ ಮೊದಲು ಯಂತ್ರವನ್ನು ತಿರುವಿ ಹಾಕುತ್ತಾಳೆ. ಇದರ ಬೆನ್ನು ತೆರೆಯುತ್ತದೆಯೇ ಎಂದು ಕೇಳುತ್ತಾಳೆ. ಇದರ ಭಾಗಗಳು ನಮ್ಮೂರ ಸಂತೆಯಲ್ಲಿ ಸಿಗುತ್ತವೆಯೇ, ಬೇರೆ ಕಂಪನಿಯವು ಇದಕ್ಕೆ ಕೂರುತ್ತವೆಯೇ ಎಂದು ಕೇಳುತ್ತಾಳೆ. ಪ್ರೋಗ್ರಾಮನ್ನು ನಾಳೆ ಇನ್ನೊಂದಕ್ಕೆ ಒಯ್ಯಬಹುದೇ, ಕೆಟ್ಟರೆ ಯಾರು ಮುಟ್ಟಬಹುದು, ಎಲ್ಲಿಗೆ ಕಳಿಸಬೇಕು ಎಂದು ಕೇಳುತ್ತಾಳೆ. ಅಂಗಡಿಯವರಿಗೆ ಬೇಸರವಾದರೆ ಆಗಲಿ. ನೀವೂ ಕೇಳಿ. ಕೊಂಡ ಮೇಲೆ ಕೇಳುವುದಕ್ಕಿಂತ ಕೊಳ್ಳುವ ಮುಂಚೆ ಕೇಳುವುದು ಸುಲಭ. ನಿಮ್ಮ ಕೆಲಸದ ಒಂದು ನಕಲನ್ನು ನೀವು ನಂಬುವವರ ಮನೆಯಲ್ಲಿ ಇವತ್ತೇ ಇಡಿ, ಇಟ್ಟದ್ದು ತೆರೆಯುತ್ತದೆಯೇ ಎಂದು ನೋಡಿ. ಚಲ್ಯವನ್ನು ದಯವಿಟ್ಟು ನೆಲಕ್ಕೆ ಮಾಡಿ.

ಇನ್ನೊಂದು ಮಾತು ಹೇಳಲೇಬೇಕು. ಆ ತೆಳ್ಳಗಿನದು ಯಾಕೆ ಸತ್ತಿತು ಎಂದು ನನಗೆ ಗೊತ್ತಿಲ್ಲ. ಬಿಯರು ಎಂದು ಅಂಗಡಿಯವನು ಹೇಳಿದ, ನಾವೂ ಹಾಗೇ ನಂಬಿದೆವು. ಆದರೆ ಬಿಯರು ಬೀಳುವುದಕ್ಕೆ ಎರಡು ದಿನ ಮುಂಚೆಯೇ ಅದು ಕಣ್ಣು ಮಿಟುಕಿಸುತ್ತಿತ್ತು ಎಂದು ಯೋಲಾ ಈಗಲೂ ಹೇಳುತ್ತಾಳೆ. ಇಲಾರಿಯೊನ ತಪ್ಪೋ, ಅದು ಹುಟ್ಟಿನಿಂದಲೇ ರೋಗಿಯೋ, ಒಳಗೆ ಆ ಮೊದಲ ಹಕ್ಕಿ ಇನ್ನೂ ಇದೆಯೋ ಇಲ್ಲವೋ, ಯಾರೂ ಹೇಳಲಾರರು. ದೆಲ್ಮಿರಾಳನ್ನು ಕೇಳಿದೆ. ಅವಳಿಗೂ ಗೊತ್ತಿಲ್ಲ. ಅದರ ಬೆನ್ನನ್ನು ಇವತ್ತಿನವರೆಗೆ ಯಾರೂ ತೆರೆದು ನೋಡಿಲ್ಲ.